ಬಾಕಿ

ನನ್ನ ಕೋಣೆಯ ಬಾಗಿಲಿಗೆ ಹಿತ್ತಾಳೆಯ ಫಲಕ:
'ನಿರ್ದೇಶಕಿ, ಮೂಲನಿವಾಸಿ ಸಂಬಂಧ ಮತ್ತು ರಾಜಿ.'
ಹೋದ ವರ್ಷದವರೆಗೆ ಇದು ಕಾಲೇಜಿನ ಕಾಗದದ ಉಗ್ರಾಣ.
ಈಗಲೂ ಜೆರಾಕ್ಸ್ ಹಾಳೆ ಮುಗಿದಾಗ
ಯಾರಾದರೂ ತಲೆ ಹಾಕಿ, ನನ್ನ ಕಂಡು,
'ಕ್ಷಮಿಸಿ' ಅನ್ನುತ್ತಾರೆ.
ಈ ಹುದ್ದೆಯಲ್ಲಿ ನನಗೆ ಸಿಕ್ಕ
ಅತ್ಯಂತ ಪ್ರಾಮಾಣಿಕ ಕ್ಷಮೆ ಅದೇ.

ಅಕ್ಟೋಬರಿನಲ್ಲಿ ಅಡೆಲಿನಜ್ಜಿಯನ್ನು ಕರೆಸಿದೆ,
ಇನ್ನೂರು ಮೈಲಿ ಉತ್ತರದಿಂದ, ಮೊಮ್ಮಗನ ಟ್ರಕ್ಕಿನಲ್ಲಿ.
ನರ್ಸಿಂಗ್ ಓದುವ ಮಕ್ಕಳ ನಡುವೆ ಕೂತು
ಎರಡು ತಾಸು ಮಾತಾಡಿದಳು:
ಜ್ವರಕ್ಕೆ ಯಾವ ತೊಗಟೆ,
ಅದನ್ನು ಮರದ ಹತ್ತಿರ ಕೇಳಿಕೊಳ್ಳುವುದು ಹೇಗೆ,
ಸಾಯುವವರ ಕೋಣೆಯಲ್ಲಿ ಯಾವ ಮಾತು ಆಡಬಾರದು.
ಒಬ್ಬರೂ ಫೋನು ನೋಡಲಿಲ್ಲ.

ಆಮೇಲೆ ಲೆಕ್ಕಪತ್ರ ವಿಭಾಗ.
ಪಿರ್ಕೊ ಲೆಹ್ತೊ ಕೆಟ್ಟವಳಲ್ಲ.
ಅವಳಜ್ಜ ಫಿನ್‌ಲೆಂಡಿನಿಂದ ಹೊಟ್ಟೆಪಾಡಿಗೆ ಬಂದು
ಇದೇ ಕಾಡಿನ ಮರ ಕಡಿದವನು.
ಕನ್ನಡಕ ಏರಿಸಿ ಹೇಳಿದಳು:
'ಗೌರವಧನ ಕೊಡಬೇಕಾದರೆ
ಅವರು ಮೊದಲು ವೆಂಡರ್ ಆಗಬೇಕು.
ಒಂದು ಫಾರಂ, ಒಂದು ಸಂಖ್ಯೆ. ಐದೇ ನಿಮಿಷ.'
ಕುರ್ಚಿ, ಶಾಯಿ, ರಸ್ತೆಗೆರಚುವ ಉಪ್ಪು
ಮಾರುವವರಿಗೆಲ್ಲ ಅದೇ ಪಟ್ಟಿ.

ಅಜ್ಜಿ ಕ್ಯಾಂಟೀನಿನ ಕಿಟಕಿಯ ಬಳಿ
ಚಹಾಕ್ಕೆ ನಾಲ್ಕನೆಯ ಚಮಚ ಸಕ್ಕರೆ ಹಾಕುತ್ತಿದ್ದಳು.
'ಅದೇನು ಮಗಾ, ಕೈಯಲ್ಲಿ?'
'ನಿನಗೊಂದು ಸಂಖ್ಯೆ ಕೊಡುತ್ತಾರಂತೆ.'
ಚಮಚ ನಿಂತಿತು.

'ಒಂದು ಇದೆಯಲ್ಲ,' ಅಂದಳು. 'ನಲವತ್ತೇಳು.
ಕೋಟಿನ ಕಾಲರಿಗೆ ಹೊಲಿದಿದ್ದರು,
ಕಂಬಳಿಗೆ, ಟವೆಲಿಗೆ.
ಆರು ವರ್ಷ, ಆ ವಸತಿ ಶಾಲೆಯಲ್ಲಿ,
ನಲವತ್ತೇಳು ಅಂದರೆ ಎದ್ದು ನಿಂತೆ.
ಮನೆಗೆ ಮರಳಿದ ದಿನ ಅವ್ವ
ಸರೋವರದ ದಡದಲ್ಲಿ ನಿಂತು ಹೆಸರು ಹಿಡಿದು ಕೂಗಿದಳು.
ಯಾರನ್ನು ಕರೆಯುತ್ತಿದ್ದಾಳೆ ಅಂತ
ನಾನು ಹಿಂದೆ ತಿರುಗಿ ನೋಡಿದೆ.'
ನಗುತ್ತಲೇ ಹೇಳಿದಳು.
ನಗು ಅವಳಿಗೆ ಊರುಗೋಲು. ನನಗಲ್ಲ.

ರಾಜಿ ಅಂದರೆ ಇಬ್ಬರೂ ತುಸು ತುಸು ಬಿಡುವುದು.
ಅವಳ ಕಡೆಯಿಂದ ಬಿಡಲು ಇನ್ನೇನಿದೆ?
ಜಡೆ ಹೋಯಿತು, ನುಡಿ ಅರ್ಧ ಹೋಯಿತು,
ಹೊಳೆ ಅಣೆಕಟ್ಟಿಗೆ ಹೋಯಿತು.
ಇನ್ನು ಈ ಕಡೆಯವರು:
ಸೆಪ್ಟೆಂಬರಿನಲ್ಲಿ ಕಿತ್ತಳೆ ಅಂಗಿ ತೊಟ್ಟು
ಇದೇ ಅಂಗಳದಲ್ಲಿ ಕಣ್ಣೊರೆಸಿಕೊಂಡವರು,
ನನ್ನ ಹನ್ನೊಂದು ಪತ್ರಕ್ಕೆ
'ಆಳವಾಗಿ ಮನಗಂಡಿದ್ದೇವೆ' ಎಂದು ಬರೆದರು.
ಮನಗಂಡ ಮೇಲೂ ಕಂಪ್ಯೂಟರಿಗೆ ಸಂಖ್ಯೆ ಬೇಕಿತ್ತು.

ಒಂದು ಸಂಜೆ ಪಿರ್ಕೊ ಬಾಗಿಲಲ್ಲಿ.
'ಕಾಗದ ಬೇಕಿತ್ತೆ?' ಎಂದೆ.
'ಇಲ್ಲ,' ಎಂದಳು, ಒಳಬಂದು ಕದ ಮುಚ್ಚಿದಳು.
'ಆ ಖಾನೆ ಅಕ್ಷರವನ್ನೂ ತೆಗೆದುಕೊಳ್ಳುತ್ತದೆ.
ಹದಿನೈದರವರೆಗೆ.
ಇಪ್ಪತ್ತು ವರ್ಷದಲ್ಲಿ ನಾನು ಒತ್ತಿಯೇ ನೋಡಿರಲಿಲ್ಲ.'

ಅಜ್ಜಿಗೆ ಫೋನು ಮಾಡಿದೆ.
ಬಹಳ ಹೊತ್ತು ಸುಮ್ಮನಿದ್ದು
ದಡದಿಂದ ಅವ್ವ ಕೂಗಿದ ಆ ಹೆಸರು ಹೇಳಿದಳು.
(ಇಲ್ಲಿ ಬರೆಯಲಾರೆ.
ಅದು ಲೆಕ್ಕದ ಪುಸ್ತಕಕ್ಕೆ ಕೊಟ್ಟದ್ದು, ಕವಿತೆಗಲ್ಲ.)
ಬೆರಳು ಮಡಿಸಿ ಎಣಿಸಿದೆವು: ಹದಿನೇಳು ಅಕ್ಷರ.
'ಎರಡು ಹೆಚ್ಚಾಯಿತು ಅಜ್ಜಿ.'
'ಹೆಚ್ಚಾದದ್ದು ಹೆಸರಲ್ಲ, ಮಗಾ.
ಡಬ್ಬಿ ಉದ್ದ ಮಾಡಲು ಹೇಳು.'

ಈಗ ಫೆಬ್ರವರಿ. ಸರೋವರ ಕಲ್ಲಾಗಿದೆ.
ಕಂಪ್ಯೂಟರಿನವರು ಟೊರಾಂಟೊದಲ್ಲಿದ್ದಾರೆ,
ಅರ್ಜಿ ಸರದಿಯಲ್ಲಿದೆಯಂತೆ.
ಪಿರ್ಕೊ ದಿನಾ ಹನ್ನೊಂದಕ್ಕೆ ಫೋನು ಹಚ್ಚಿ
ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಾಳೆ.
ಮೊದಮೊದಲು ತೊದಲುತ್ತಿದ್ದಳು. ಈಗ
ಗೋಡೆಯಾಚೆಗೆ ಕೇಳಿದರೆ
ನೀರಿನ ಆ ಬದಿಯಿಂದ ಯಾರೋ
ಮಗುವನ್ನು ಊಟಕ್ಕೆ ಕರೆದ ಹಾಗೆ.

ಹಣ ಮಾತ್ರ ಇನ್ನೂ ಬಾಕಿ.